ಕೋಡಂಗಿಗೂ ಪೊಟ್ಟನಿಗೂ ದೇವರ ಅಂಗಳದಲ್ಲಿ ಏನು ಕೆಲಸ?

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎರಡು ಬೈಗುಳ ದಿನಾ ಕೇಳುತ್ತಿತ್ತು. ಸುಮ್ನೆ ಕುಣಿದಾಡಿದರೆ ಕೋಡಂಗಿ. ಕರೆದದ್ದು ಕಿವಿಗೆ ಬೀಳದಿದ್ದರೆ ಪೊಟ್ಟ. ಮೊದಲನೆಯದು ನನಗೆ, ಎರಡನೆಯದು ಅಣ್ಣನಿಗೆ. ಕಾಸರಗೋಡಿನ ಕನ್ನಡ ಮನೆಗಳಲ್ಲಿ ತುಳು, ಮಲಯಾಳ ಎಲ್ಲ ಬೆರೆತೇ ಇರುತ್ತದೆ. ಯಾವ ಬೈಗುಳ ಯಾವ ಭಾಷೆಯದ್ದು ಅಂತ ಯಾರೂ ಲೆಕ್ಕ ಇಡುವುದಿಲ್ಲ.

ದೊಡ್ಡವಳಾದ ಮೇಲೆ ಒಂದು ಸಂಗತಿ ಹೊಳೆಯಿತು. ಈ ಎರಡೂ ಹೆಸರಿನವರು ನಮ್ಮ ಕಡೆ ದೇವರ ಕೆಲಸಕ್ಕೆ ಬೇಕಾದವರು. ಹಳೆ ಕ್ರಮದ ಯಕ್ಷಗಾನದಲ್ಲಿ ರಂಗಸ್ಥಳಕ್ಕೆ ಮೊದಲು ಕಾಲಿಡುವವನು ಕೋಡಂಗಿ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ಪೊಟ್ಟನ್ ಅನ್ನುವ ತೆಯ್ಯವೇ ಇದೆ. ತೆಯ್ಯ ಅಂದರೆ ಮನುಷ್ಯ ವೇಷ ಕಟ್ಟಿ ದೇವರಾಗಿ ಕುಣಿಯುವ ಆರಾಧನೆ. ಜನ ಅವನೆದುರು ಕೈ ಮುಗಿದು ನಿಲ್ಲುತ್ತಾರೆ. ಮನೆಯಲ್ಲಿ ಬೈಗುಳವಾದವನು ದೇವರ ಅಂಗಳಕ್ಕೆ ಬಂದರೆ ಯಾಕೆ ಬೇಕಾದವನಾಗುತ್ತಾನೆ? ಈ ಪ್ರಶ್ನೆ ನನ್ನನ್ನು ಬಹಳ ವರ್ಷ ಬಿಡಲಿಲ್ಲ.

ಮೊದಲು ಆಟದಿಂದಲೇ, ಅಂದರೆ ಯಕ್ಷಗಾನದಿಂದಲೇ ಶುರು ಮಾಡೋಣ. ಕೊಯ್ದು ಮುಗಿದ ಗದ್ದೆ, ಯಾರದ್ದೋ ಮನೆಯ ಹರಕೆ ಆಟ. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ದೀಪ ಇಟ್ಟು ಪೂಜೆ ಆಗಿದೆ. ಆಟ ಇದೆ ಅಂತ ಊರಿಗೆ ಸಾರುವ ಕೇಳಿ ಬಾರಿಸಿಯಾಗಿದೆ. ಜನ ಇನ್ನೂ ಬರುತ್ತಿದ್ದಾರೆ, ಚಾಪೆ ಹಾಸುತ್ತಿದ್ದಾರೆ, ಕಡಲೆ ಮಾರುವವರ ಹತ್ತಿರ ಮಕ್ಕಳ ಗುಂಪು. ಆ ಗಲಾಟೆಯ ನಡುವೆ ರಂಗಸ್ಥಳಕ್ಕೆ ಕೋಡಂಗಿಗಳು ಬರುತ್ತಾರೆ. ಕಿರೀಟ ಇಲ್ಲ, ದೊಡ್ಡ ಬಣ್ಣಗಾರಿಕೆ ಇಲ್ಲ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು. ಹೆಜ್ಜೆ ಕೆಲವೊಮ್ಮೆ ತಪ್ಪುತ್ತದೆ. ತಪ್ಪಿದರೂ ನಡೆಯುತ್ತದೆ, ಯಾಕಂದರೆ ಕೋಡಂಗಿಯ ಹೆಜ್ಜೆ ಇರುವುದೇ ಹಾಗೆ. ಆಮೇಲೆ ಕೃಷ್ಣ ಬಲರಾಮರಾಗಿ ಬರುವ ಬಾಲಗೋಪಾಲರು, ಷಣ್ಮುಖ ಸುಬ್ರಾಯ, ಅರ್ಧನಾರೀಶ್ವರ, ಸ್ತ್ರೀವೇಷ. ಇದೇ ಪೂರ್ವರಂಗ. ಕಥೆ ಶುರುವಾಗುವುದು ಇದೆಲ್ಲ ಆದ ಮೇಲೆ.

ಆ ಸಾಲನ್ನೊಮ್ಮೆ ನೋಡಿ. ಕೃಷ್ಣ ಬಲರಾಮರಿಗಿಂತ ಮೊದಲು ಕೋಡಂಗಿ. ಕಲಿಯುವ ಹುಡುಗರಿಗೆ ಸಭೆಯ ಹೆದರಿಕೆ ಹೋಗಲಿ ಅಂತ ಹೀಗೆ ಇಟ್ಟಿದ್ದಾರೆ ಎಂದು ಹೇಳುವವರಿದ್ದಾರೆ. ಅದು ನಿಜವೇ. ಆದರೆ ಅಷ್ಟೇ ಆಗಿದ್ದರೆ ಹುಡುಗರಿಗೆ ಬೇರೆ ಯಾವ ಸಣ್ಣ ವೇಷವನ್ನಾದರೂ ಕೊಡಬಹುದಿತ್ತಲ್ಲ? ಕೋಡಂಗಿಯನ್ನೇ ಯಾಕೆ ಕೊಟ್ಟರು?

ಇದಕ್ಕೆ ಒಂದು ಹಳೆಯ ಸುಳಿವು ಭರತನ ನಾಟ್ಯಶಾಸ್ತ್ರದಲ್ಲಿದೆ. ಮೊದಲ ನಾಟಕಕ್ಕೆ ವಿಘ್ನ ಬಂದ ಕಥೆ ಅದರ ಮೊದಲ ಅಧ್ಯಾಯದಲ್ಲೇ ಬರುತ್ತದೆ. ದೇವತೆಗಳು ಅಸುರರನ್ನು ಗೆದ್ದ ಕಥೆಯನ್ನು ಆಡಿ ತೋರಿಸುವಾಗ ಸೋತವರಿಗೆ ಸಿಟ್ಟು ಬಂತು. ಅವರು ನಟರ ಮಾತು, ನಡೆ, ನೆನಪು ಎಲ್ಲವನ್ನೂ ಸ್ತಬ್ಧ ಮಾಡಿದರು. ಆಮೇಲೆ ರಂಗಕ್ಕೆ ಕಾವಲು ಹಾಕುತ್ತಾರೆ. ನಾಯಕನನ್ನು ಇಂದ್ರ ಕಾಯುತ್ತಾನೆ, ನಾಯಕಿಯನ್ನು ಸರಸ್ವತಿ. ಉಳಿದ ಪಾತ್ರಗಳನ್ನೆಲ್ಲ ಶಿವ. ವಿದೂಷಕನನ್ನು ಕಾಯುವುದು ಯಾರು ಗೊತ್ತಾ? ಓಂಕಾರ. ಹೊಟ್ಟೆಬಾಕ, ಮಾತು ತಪ್ಪುವವ, ಎಲ್ಲರ ನಗೆಗೆ ಗುರಿಯಾಗುವವ. ಅಂಥವನಿಗೆ ಎಲ್ಲ ಮಂತ್ರಗಳ ಮೊದಲಿಗೆ ಬರುವ ಸದ್ದು ಕಾವಲು. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಕೆಳಗಿಟ್ಟು ಸುಮ್ನೆ ಕೂತುಬಿಟ್ಟೆ.

ಅದೇ ನಾಟ್ಯಶಾಸ್ತ್ರದ ಪೂರ್ವರಂಗದಲ್ಲಿ ತ್ರಿಗತ ಅಂತ ಒಂದು ಭಾಗ ಇದೆ. ಸೂತ್ರಧಾರ, ಅವನ ಜೊತೆಗಾರ, ವಿದೂಷಕ ಮೂವರೂ ಮಾತಾಡುತ್ತಾರೆ. ವಿದೂಷಕ ನಡುನಡುವೆ ಬಾಯಿ ಹಾಕಿ ಸಂಬಂಧ ಇಲ್ಲದ್ದೆಲ್ಲ ಹೇಳಿ ನಗಿಸುತ್ತಾನೆ. ಪೂಜೆಯೂ ಅಲ್ಲದ, ಕಥೆಯೂ ಅಲ್ಲದ ಆ ನಡುವಿನ ಹೊತ್ತಿನಲ್ಲಿ ಅವನು ಇರುತ್ತಾನೆ. ನಮ್ಮ ಕೋಡಂಗಿ ಬರುವುದೂ ಸುಮಾರಿಗೆ ಅಂಥದೇ ಹೊತ್ತಿನಲ್ಲಿ.

ನಡುವಿನ ಹೊತ್ತು ಅಂದರೆ ಹೊಸ್ತಿಲು. ನಮ್ಮಲ್ಲಿ ಹೊಸ್ತಿಲ ಮೇಲೆ ನಿಂತು ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು ಅನ್ನುತ್ತಾರೆ. ಅದು ಒಳಗೂ ಅಲ್ಲ, ಹೊರಗೂ ಅಲ್ಲ. ಅಲ್ಲಿ ನಿಲ್ಲಲು ನಿಯಮ ಇರುವವರಿಗೆ ಕಷ್ಟ. ರಾಜನಿಗೆ ಗತ್ತು ಬಿಡಲಾಗದು, ಭಟ್ಟರಿಗೆ ಮಡಿ ಬಿಡಲಾಗದು, ದೇವರ ವೇಷಕ್ಕೆ ಕಿರೀಟ ಇಳಿಸಲಾಗದು. ಕೋಡಂಗಿಗೆ ಇದ್ಯಾವುದೂ ಇಲ್ಲ. ಹಾಗಾಗಿ ಗದ್ದೆಯನ್ನು ಕೈಲಾಸ ಮಾಡುವ ಮೊದಲು ಒಬ್ಬರು ಹೋಗಿ ನೋಡಿ ಬರಬೇಕಾದರೆ ಅವನೇ ಸರಿ.

ಕಥೆ ಶುರುವಾದ ಮೇಲೆ ಈ ಕೆಲಸ ಹಾಸ್ಯಗಾರನ ಕೈಗೆ ಬರುತ್ತದೆ. ತೆಂಕುತಿಟ್ಟಿನ, ಅಂದರೆ ನಮ್ಮ ತೆಂಕಣ ಶೈಲಿಯ ಯಕ್ಷಗಾನದ ಮೇಳದಲ್ಲಿ ಹಾಸ್ಯಗಾರನ ಸ್ಥಾನ ಸಣ್ಣದಲ್ಲ. ರಾತ್ರಿಯಿಡೀ ಅವನು ಬೇರೆ ಬೇರೆ ರೂಪದಲ್ಲಿ ಬರುತ್ತಿರಬೇಕು. ರಕ್ಕಸನ ದೂತ, ಬಾಗಿಲು ಕಾಯುವವ, ಕೃಷ್ಣನ ಗೆಳೆಯ ಮಕರಂದ, ಕಂಸವಧೆಯ ಅಗಸ. ಇವರೆಲ್ಲ ಅರಮನೆಯ ಬಾಗಿಲಲ್ಲಿ ನಿಲ್ಲುವವರು. ಹಾಡಿ ಆಟ ನಡೆಸುವ ಭಾಗವತರ ಪದ್ಯ ಹಳಗನ್ನಡಕ್ಕೆ ಹತ್ತಿರ ಇದ್ದರೆ ಹಾಸ್ಯಗಾರನ ಮಾತು ನಮ್ಮ ಅಂಗಡಿ ಬಾಗಿಲಿನದ್ದು. ದೇವೇಂದ್ರ ಏನೋ ದೊಡ್ಡ ಮಾತು ಹೇಳುತ್ತಾನೆ. ದೂತ ಅದನ್ನು ಹಿಡಿದು, 'ಹಾಗಂದ್ರೆ ನಾಳೆಯಿಂದ ನಮಗೆ ಊಟ ಇಲ್ಲ ಅಂತಲೋ?' ಅನ್ನುತ್ತಾನೆ. ಗದ್ದೆಯಲ್ಲಿ ಕೂತವರಿಗೆ ಆಗ ವಿಷಯ ಅರ್ಥವಾಗುತ್ತದೆ. ಯುದ್ಧ ಅಂದರೆ ಏನು ಅಂತ ಅರ್ಥವಾಗುತ್ತದೆ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಅಕ್ಷರ ಬಾರದ ನಮ್ಮ ಹಿರಿಯರು ಬಾಯಿಪಾಠ ಹೇಳುತ್ತಿದ್ದರಲ್ಲ, ಆ ಕಥೆ ಅವರ ಮನೆ ಹೊಕ್ಕದ್ದರಲ್ಲಿ ಹಾಸ್ಯಗಾರರ ಪಾಲು ತುಂಬಾ ಜಾಸ್ತಿ ಅಂತ ನನ್ನ ನಂಬಿಕೆ.

ಜಾವಾ ದ್ವೀಪದ ತೊಗಲುಗೊಂಬೆ ಆಟದಲ್ಲೂ ಇದೇ ಇದೆ. ಅಲ್ಲೂ ಮಹಾಭಾರತ, ಅಲ್ಲೂ ರಾತ್ರಿಯಿಡೀ. ನಡುರಾತ್ರಿ ದಾಟಿದ ಮೇಲೆ ಸೆಮಾರ್ ಅನ್ನುವ ಆಳು ತನ್ನ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾನೆ. ಡೊಳ್ಳುಹೊಟ್ಟೆ, ಕುಳ್ಳ. ಪಾಂಡವರ ಸೇವಕ. ಆದರೆ ನೋಡುವವರಿಗೆಲ್ಲ ಗೊತ್ತು, ಅವನು ನಿಜವಾಗಿ ಹಿರಿಯ ದೇವರು. ಮೇಲಿನ ದೇವತೆಗಳೂ ಅವನ ಮಾತಿಗೆ ತಗ್ಗಬೇಕು. ಕಥೆ ಭಾರತದಿಂದ ಹೋದದ್ದು, ಸೆಮಾರ್ ಮಾತ್ರ ಅಲ್ಲಿನವನೇ. ಬೇರೆ ಊರಿನಿಂದ ಬಂದ ದೊಡ್ಡ ಕಥೆಯನ್ನು ತಮ್ಮದು ಮಾಡಿಕೊಳ್ಳಲು ಅವರಿಗೂ ಒಬ್ಬ ಕೋಡಂಗಿ ಬೇಕಾಯಿತು.

ನಗಿಸುವವನಿಗೆ ಇನ್ನೊಂದು ಸಲುಗೆಯೂ ಇದೆ. 'ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ' ಅನ್ನುವ ಗಾದೆ ನಮಗೆಲ್ಲ ಗೊತ್ತು. ದೇವಸ್ಥಾನದ ಅಂಗಳದಲ್ಲಿ ನಗಿಸುವವನಿಗೆ ಮಾತ್ರ ಈ ಗಾದೆ ನಡೆಯುವುದಿಲ್ಲ. ಕೇರಳದ ದೇವಸ್ಥಾನಗಳಲ್ಲಿ ಚಾಕ್ಯಾರ್ ಸಮುದಾಯದವರು ಕಥೆ ಹೇಳಿ ನಗಿಸುವ ಕೂತ್ತು ಎಂಬ ಕಲೆ ನಡೆಯುತ್ತದೆ. ಕೂಡಿಯಾಟ್ಟಂ ಅನ್ನುವ ಸಂಸ್ಕೃತ ನಾಟಕವನ್ನು ಪರಂಪರೆಯಿಂದ ಆಡುತ್ತಾ ಬಂದವರೂ ಅವರೇ. ಯುನೆಸ್ಕೋ 2001ರಲ್ಲಿ ಗುರುತಿಸಿದ ಕಲೆ ಅದು. ಅಲ್ಲಿ ವಿದೂಷಕ ಮಲಯಾಳದಲ್ಲಿ ಮಾತಾಡುತ್ತಾನೆ. ಧರ್ಮ, ಅರ್ಥ, ಕಾಮ, ಮೋಕ್ಷ ಎಂಬ ನಾಲ್ಕರ ಜಾಗದಲ್ಲಿ ಅವನ ಪುರುಷಾರ್ಥಗಳೇ ಬೇರೆ: ಊಟ, ರಾಜಸೇವೆ, ವಿನೋದ, ವಂಚನೆ. ಎದುರಿಗೆ ಕೂತ ರಾಜನನ್ನೂ ಬಿಡದೆ ಗೇಲಿ ಮಾಡಬಹುದಿತ್ತು. ಯಾರಾದರೂ ಎದ್ದು ತಡೆದರೆ ಚಾಕ್ಯಾರ್ ತಲೆಯ ಮೇಲಿನ ಕಟ್ಟನ್ನು ತೆಗೆದಿಡುತ್ತಾನೆ. ಆ ಜಾಗದಲ್ಲಿ ಮತ್ತೆ ಕೂತ್ತು ನಡೆಯುವುದಿಲ್ಲ. ಅಂದರೆ ನಷ್ಟ ದೇವರಿಗೇ. ರಾಜ ಬಾಯಿ ಮುಚ್ಚಿ ಕೂರುತ್ತಿದ್ದದ್ದು ಅದೇ ಕಾರಣಕ್ಕೆ.

ಇಲ್ಲಿಯವರೆಗೆ ಹೇಳಿದ್ದು ರಂಗದ ಮೇಲಿನವರ ಕಥೆ. ಮನೆ ಅಂಗಳಕ್ಕೇ ಬರುವ ಒಬ್ಬನಿದ್ದಾನೆ. ಆಟಿ ಕಳೆಂಜ.

ಆಟಿ ಅಂದರೆ ತುಳುವರ ಒಂದು ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಮಳೆ ಬಿಡದೆ ಹೊಯ್ಯುವ ತಿಂಗಳು. ಹಿಂದೆ ಮನೆಯಲ್ಲಿ ಅಕ್ಕಿ ತಳ ಕಾಣುತ್ತಿದ್ದ ಹೊತ್ತು, ಜ್ವರ, ಭೇದಿಯ ಹೊತ್ತು. ಆಗ ನಲಿಕೆ ಸಮುದಾಯದವರು ಕಳೆಂಜನ ವೇಷ ಕಟ್ಟಿ ಮನೆಮನೆಗೆ ಬರುತ್ತಾರೆ. ಸೊಂಟಕ್ಕೆ ತೆಂಗಿನ ತಿರಿ, ಮುಖಕ್ಕೆ ಬಣ್ಣದ ಗೆರೆ, ಕೈಯಲ್ಲಿ ಓಲೆಕೊಡೆ. ಜೊತೆಗೆ ತೆಂಬರೆ ಎಂಬ ವಾದ್ಯ ಬಡಿದು ಪಾಡ್ದನ, ಅಂದರೆ ತುಳು ಹಾಡುಕಥೆ, ಹೇಳುವವರು ಒಬ್ಬರು.

ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿರುವುದು ಆ ಕೊಡೆ. ಕಳೆಂಜ ಅಂಗಳದ ಮಧ್ಯೆ ನಿಂತು ಅದನ್ನು ಗಿರಗಿರನೆ ತಿರುಗಿಸುತ್ತಿದ್ದ. ಓಲೆಯ ತುದಿಯಿಂದ ನೀರು ಸುತ್ತಲೂ ಹಾರಿ ಜಗಲಿಯಲ್ಲಿ ಕೂತ ನಮ್ಮ ಮುಖಕ್ಕೆ ಬೀಳುತ್ತಿತ್ತು. ನಾವು ಕಿರುಚಿ ಅಜ್ಜಿಯ ಸೆರಗಿನ ಹಿಂದೆ ಹೋಗುತ್ತಿದ್ದೆವು. ಅವನು ಬಗ್ಗಿ ಇಣುಕುತ್ತಿದ್ದ. ಭಯಕ್ಕೆ ನಗುತ್ತಿದ್ದೆವೋ, ನಗುತ್ತಾ ಹೆದರುತ್ತಿದ್ದೆವೋ ಹೇಳಲಾರೆ. ಅಜ್ಜಿ ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ಉಪ್ಪು, ಹುಳಿ, ಮೆಣಸು, ಅರಸಿನ, ಒಂದು ತುಂಡು ಇದ್ದಿಲು ಇಟ್ಟು ತರುತ್ತಿದ್ದರು. 'ಇದ್ದಿಲು ಯಾಕೆ ಅಜ್ಜಿ?' ಅಂತ ಕೇಳಿದ್ದೆ. 'ಮಾರಿಗೆ ಮಗಾ' ಅಂದರು. ಅಷ್ಟೇ.

ಮನೆಗೆ ಹತ್ತಿದ್ದನ್ನು ಕಳೆಯುವವನು ಕಳೆಂಜ. ಚಂದ್ರಗಿರಿಯ ಆಚೆ ಇದೇ ತಿಂಗಳಿಗೆ ಕರ್ಕಿಡಕ ಅನ್ನುತ್ತಾರೆ. ಅಲ್ಲಿ ಆಡಿ, ವೇಡನ್ ಎಂಬ ಪುಟ್ಟ ತೆಯ್ಯಗಳು ಮನೆಗೆ ಬರುತ್ತವೆ. ಜೊತೆಗೆ ಗಳಿಂಚನ್ ಅನ್ನುವವನೂ ಇದ್ದಾನೆ, ನಮ್ಮ ಕಳೆಂಜನೇ ಅವನು. ಕುರ್ದಿ ಎಂಬ ಕಪ್ಪು, ಕೆಂಪು ಬಣ್ಣದ ನೀರು ಚೆಲ್ಲಿ ಮನೆಯ ಕೆಡುಕನ್ನು ಕಳಿಸುತ್ತಾರೆ. ಕೆಡುಕನ್ನು ಹೊರಗೆ ಹಾಕಬೇಕಾದರೆ ಯಾರಾದರೂ ಅದರ ಹತ್ತಿರ ಹೋಗಬೇಕಲ್ಲ? ಅಂಜಿಕೊಂಡು ಹೋದರೆ ಅದು ಹತ್ತಿಕೊಳ್ಳುತ್ತದೆ. ಹಾಗಾಗಿ ಕುಣಿಯುತ್ತಾ, ಅದನ್ನೇ ಆಡಿಕೊಳ್ಳುತ್ತಾ ಹೋಗಬೇಕು. ಇಡೀ ತಿಂಗಳು ಬಿಗಿ ಹಿಡಿದ ಮನೆ ಅವತ್ತು ಒಂದು ಸಲ ಬಾಯಿ ಬಿಟ್ಟು ನಗುತ್ತಿತ್ತು. ಅದೂ ಮದ್ದೇ ಅಲ್ವಾ?

ಆದರೆ ಇಲ್ಲಿ ಒಂದು ಮಾತನ್ನು ಮರೆಸಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಮ್ಮ ಮನೆಯ ಮಾರಿಯನ್ನು ಹೊತ್ತುಕೊಂಡು ಹೋದವರು ಜಗಲಿ ಹತ್ತುತ್ತಿರಲಿಲ್ಲ. ಅಜ್ಜಿ ಗೆರಸೆಯನ್ನು ಮೆಟ್ಟಿಲ ಕೆಳಗೆ ಇಡುತ್ತಿದ್ದರು. ಅವರು ಅಲ್ಲಿಂದ ತೆಗೆದುಕೊಳ್ಳುತ್ತಿದ್ದರು. ಮಳೆಯಲ್ಲಿ ನೆನೆದ ಮನುಷ್ಯನಿಗೆ ಒಳಗೆ ಬನ್ನಿ ಅನ್ನುವ ಒಂದು ಮಾತು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಹಾಗೆ ಹೇಳಬಹುದು ಅಂತ ನನಗೂ ಆಗ ತಿಳಿದಿರಲಿಲ್ಲ.

ಕೆಡುಕನ್ನು ಕಳೆಯುವ ಹೆಸರಿನಲ್ಲಿ ಇದಕ್ಕಿಂತ ಕ್ರೂರವಾದ್ದೂ ನಡೆದಿದೆ. ನಮ್ಮ ಕಡೆಯ ಬುಡಕಟ್ಟಿನವರಾದ ಕೊರಗರಿಗೆ ಅನ್ನದಲ್ಲಿ ಕೂದಲು, ಉಗುರು ಬೆರೆಸಿ ತಿನ್ನಿಸುವ ಅಜಲು ಪದ್ಧತಿ ಇತ್ತು. ಬೇರೆಯವರ ರೋಗ ಇವರಿಗೆ ಹೋಗಲಿ ಅಂತ. ಕರ್ನಾಟಕ ಸರ್ಕಾರ 2000ದಲ್ಲಿ ಕಾನೂನು ಮಾಡಿ ಇದನ್ನು ನಿಷೇಧಿಸಿತು. ಹಬ್ಬದಲ್ಲಿ ಮೈಗೆ ಮಸಿ ಬಳಿದುಕೊಂಡು ಕೊರಗರನ್ನು ಅಣಕಿಸುವ ವೇಷವೂ ಇತ್ತು. ಅದನ್ನು ಹರಕೆ ಅಂತ ಕರೆಯುತ್ತಿದ್ದರು. ಹರಕೆ ಅಂದ ಮಾತ್ರಕ್ಕೆ ಆ ನಗು ಒಳ್ಳೆಯದಾಗುವುದಿಲ್ಲ. ಚಾಕ್ಯಾರ್ ರಾಜನನ್ನು ನೋಡಿ ನಗಿಸುತ್ತಾನೆ. ಹಾಸ್ಯಗಾರ ದೇವೇಂದ್ರನ ಗತ್ತನ್ನು ನೋಡಿ ನಗಿಸುತ್ತಾನೆ. ಆ ನಗು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಮಸಿ ಬಳಿದ ವೇಷದ್ದು ಮೇಲಿನಿಂದ ಕೆಳಗೆ ಬೀಳುವ ನಗು. ಈಗಲೂ ಕೆಲವು ಆಟಗಳಲ್ಲಿ ತೊದಲುವವರನ್ನು, ಕಪ್ಪಗಿರುವವರನ್ನು, ಹೆಂಗಸರ ಮೈಯನ್ನು ಹಿಡಿದು ನಗಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ರಾತ್ರಿಯಿಡೀ ನಡೆಯದೆ ಬೇಗ ಮುಗಿಯುವ ಕಾಲಮಿತಿಯ ಆಟ ಬಂದು ಪೂರ್ವರಂಗ ಮೊಟಕಾಗಿದೆ, ಕೋಡಂಗಿ ಕಾಣುವುದೇ ಅಪರೂಪ. ಅವನ ಜಾಗಕ್ಕೆ ಈ ಅಗ್ಗದ ನಗು ಬಂದು ಕೂತರೆ ನಷ್ಟ ನಮಗೆ.

ಈಗ ಪೊಟ್ಟನ ಹತ್ತಿರ ಹೋಗೋಣ.

ನೀಲೇಶ್ವರದ ಕಡೆ ಗೆಳತಿಯೊಬ್ಬಳ ತರವಾಡಿನಲ್ಲಿ, ಅಂದರೆ ಮೂಲಮನೆಯಲ್ಲಿ, ಪೊಟ್ಟನ್ ತೆಯ್ಯ ನೋಡಿದೆ. ಮಲಯಾಳ ಪಂಚಾಂಗದ ತುಲಾ ತಿಂಗಳ ಹತ್ತರ ನಂತರ, ಅಂದರೆ ಅಕ್ಟೋಬರ್ ಕೊನೆಯಿಂದ ಅಲ್ಲಿ ತೆಯ್ಯದ ಕಾಲ. ಕಾವು ಎಂಬ ಕೆಲವು ದೇವರ ಸ್ಥಾನಗಳಲ್ಲಿ ಪನಿಯನ್ ಎಂಬ ತೆಯ್ಯವೂ ಬರುತ್ತದೆ. ಮುಖಕ್ಕೆ ಮುಖವಾಡ ಕಟ್ಟಿಕೊಂಡು ಬಂದವರನ್ನೆಲ್ಲ ತಮಾಷೆ ಮಾಡುತ್ತಾನೆ. ಉಗ್ರ ತೆಯ್ಯಗಳ ನಡುವೆ ಜನ ಉಸಿರು ಬಿಡುವುದು ಅವನು ಬಂದಾಗ. ಪೊಟ್ಟನ್ ಮಾತ್ರ ಬೇರೆ. ಅವನಲ್ಲಿ ಉಗ್ರವೂ ತಮಾಷೆಯೂ ಒಂದೇ ಮೈಯಲ್ಲಿ ಇದೆ.

ಕಥೆ ಇದು. ಶಂಕರಾಚಾರ್ಯರು ತಲಕಾವೇರಿಗೆ ಹೊರಟಿದ್ದರು. ದಾರಿಯಲ್ಲಿ ಪುಲಯ ಜಾತಿಯ ಒಬ್ಬ ಎದುರಾದ. ದಾರಿ ಬಿಡು ಅಂದರು. ಅವನು ಬಿಡಲಿಲ್ಲ. ಕಾಶಿಯ ಬೀದಿಯಲ್ಲಿ ಚಂಡಾಲ ಎದುರಾಗಿ, 'ದೂರ ಹೋಗಬೇಕಾದದ್ದು ದೇಹವೋ ಆತ್ಮವೋ?' ಅಂತ ಕೇಳಿದ ಕಥೆ ನಮಗೆಲ್ಲ ಗೊತ್ತು. ಆಚಾರ್ಯರ ಮನೀಷಾಪಂಚಕ ಹುಟ್ಟಿದ್ದು ಅದರಿಂದ ಅನ್ನುತ್ತಾರೆ. ಆ ಕಥೆಯಲ್ಲಿ ಕೊನೆಗೆ ನೆನಪಿನಲ್ಲಿ ಉಳಿಯುವುದು ಆಚಾರ್ಯರ ಐದು ಶ್ಲೋಕ. ಇಲ್ಲಿ, ಕೇರಳದ ಈ ಬಡಗಣ ತುದಿಯಲ್ಲಿ, ಉಳಿದದ್ದು ಪುಲಯನ ಮಾತು. ಅದೇ ತೋಟ್ಟಂ ಪಾಟ್ಟು, ಅಂದರೆ ತೆಯ್ಯದ ಹಾಡಾಯಿತು. ನಿಮ್ಮನ್ನು ಕಡಿದರೂ ಬರುವುದು ನೆತ್ತರೇ, ನಮ್ಮನ್ನು ಕಡಿದರೂ ನೆತ್ತರೇ, ಮತ್ತೆ ಕುಲದ ಮಾತು ಯಾಕೆ ಅನ್ನುತ್ತಾನೆ. ಇನ್ನೊಂದು ಮಾತು ನನಗೆ ಇದಕ್ಕಿಂತಲೂ ಚುಚ್ಚಿತು. ನಮ್ಮ ತಿಪ್ಪೆಯಲ್ಲಿ ನೆಟ್ಟ ಬಾಳೆಯ ಹಣ್ಣೇ ಅಲ್ಲವಾ ನಿಮ್ಮ ದೇವರ ಪೂಜೆಗೆ?

ಹೀಗೆ ಕೇಳಿದವನಿಗೆ ಹೆಸರು ಪೊಟ್ಟನ್. ಕಿವುಡ, ದಡ್ಡ. ಬುದ್ಧಿವಂತ ಇದನ್ನು ಕೇಳಿದ್ದರೆ ವಾದವಾಗುತ್ತಿತ್ತು, ವಾದಕ್ಕೆ ಪ್ರತಿವಾದ ಇರುತ್ತದೆ. ದಡ್ಡ ಕೇಳಿದರೆ ಮೊದಲು ನಗು ಬರುತ್ತದೆ. ನಕ್ಕು ಬಾಯಿ ತೆರೆದವನಿಗೆ ಮತ್ತೆ ಮುಚ್ಚಲು ಆಗುವುದಿಲ್ಲ, ಮಾತು ಒಳಗೆ ಹೋಗಿಯಾಗಿರುತ್ತದೆ. ಆ ದಡ್ಡ ಶಿವನೇ ಅಂತ ಕಥೆ ಹೇಳುತ್ತದೆ.

ಬೆಳಗಿನ ಜಾವ. ಮೇಲೇರಿ, ಅಂದರೆ ಕೆಂಡದ ರಾಶಿ, ಮನುಷ್ಯನ ಸೊಂಟದಷ್ಟು ಎತ್ತರ. ಹುಣಸೆ, ಸಂಪಿಗೆಯಂಥ ಗಟ್ಟಿ ಮರ ರಾತ್ರಿಯೆಲ್ಲ ಉರಿದದ್ದು. ಹತ್ತು ಹೆಜ್ಜೆ ದೂರದಲ್ಲಿ ನಿಂತರೂ ಮುಖ ಸುಡುತ್ತಿತ್ತು. ಮೈಗೆಲ್ಲ ಎಳೆ ತೆಂಗಿನ ಗರಿ ಕಟ್ಟಿಕೊಂಡ ಪೊಟ್ಟನ್ ಬಂದು ಅದರ ಮೇಲೆ ಬೆನ್ನು ಹಾಕಿ ಒರಗಿದ. ಮಂಚದಲ್ಲಿ ಒರಗಿದ ಹಾಗೆ. 'ಕುಳಿರು, ಕುಳಿರು' ಅಂದ. ಚಳಿಯಂತೆ! ಸುತ್ತಲಿದ್ದವರು ನಕ್ಕರು. ನಗುತ್ತಿರುವಾಗಲೇ ಜೊತೆಯವರು ಅವನ ತೋಳು ಹಿಡಿದು ಎಬ್ಬಿಸಿದರು. ಗರಿಯ ತುದಿಯಲ್ಲಿ ಕಿಡಿ ಹತ್ತಿತ್ತು. ಹಸಿ ಗರಿ ಸ್ವಲ್ಪ ಹೊತ್ತು ಬೆಂಕಿಯನ್ನು ತಡೆಯುತ್ತದೆ, ನಿಜ. ಆದರೂ ಅದು ಕೆಂಡವೇ, ಒಳಗಿರುವುದು ಮನುಷ್ಯನ ಮೈಯೇ. ಮತ್ತೆ ಬಂದು ಬಿದ್ದ. ಮತ್ತೆ ಎಬ್ಬಿಸಿದರು. ನಾನು ಎಣಿಸಲು ಹೊರಟು ಬಿಟ್ಟೆ. ನಗು ಯಾವಾಗಲೋ ನಿಂತುಹೋಗಿತ್ತು. ಪಕ್ಕದಲ್ಲಿದ್ದ ಗೆಳತಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಬೆಂಕಿಯ ಕೆಲಸ ಮುಗಿದ ಮೇಲೆ ಪೊಟ್ಟನ್ ಅಂಗಳದಲ್ಲಿ ಪೀಠದ ಮೇಲೆ ಕೂತ. ಜನ ಒಬ್ಬೊಬ್ಬರಾಗಿ ಹತ್ತಿರ ಹೋಗಿ ಕಷ್ಟ ಹೇಳಿಕೊಂಡರು. ಕಚ್ಚೆ ಬಿಗಿದು ಹೆಗಲಿಗೆ ಶಾಲು ಹೊದ್ದ ತರವಾಡಿನ ಯಜಮಾನರೂ ಸಾಲಿನಲ್ಲಿದ್ದರು. ನನ್ನ ಮುಂದೆ ಒಬ್ಬ ಮುದುಕಿ. ಮಗ ಫೋನ್ ಮಾಡುವುದಿಲ್ಲ, ಕೊಲ್ಲಿಗೆ ಹೋಗಿ ನಾಲ್ಕು ವರ್ಷವಾಯಿತು ಅಂತ ಮೆಲ್ಲ ಹೇಳಿದಳು. ಪೊಟ್ಟನ್ ಕಿವಿ ಕೇಳದವನ ಹಾಗೆ ಕೈ ಕಿವಿಯ ಹತ್ತಿರ ಹಿಡಿದು, ಏನು, ಏನು ಅಂದ. ಅವಳು ಜೋರಾಗಿ ಹೇಳಿದಳು. ಮತ್ತೆ ಏನು ಅಂದ. ಮೂರನೇ ಸಲ ಅವಳು ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗಿದಳು. ಕೂಗಿ, ತನ್ನ ಗಂಟಲಿನ ಸದ್ದಿಗೆ ತಾನೇ ನಕ್ಕುಬಿಟ್ಟಳು. ಅವನು ಅವಳ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಏನೋ ಹೇಳಿದ. ನನಗೆ ಅದು ಕೇಳಲಿಲ್ಲ. ಅಂಗೈಗೆ ಅರಸಿನ ಪುಡಿ ಹಾಕಿ ಕಳಿಸಿದ. ಅವಳು ಅದನ್ನು ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಸೆರಗಿನ ತುದಿಗೆ ಗಂಟು ಹಾಕಿ, ಕೆಂಡದ ರಾಶಿಯ ಪಕ್ಕದಿಂದ ನಡೆದು ಹೋದಳು. ರಾಶಿ ಇನ್ನೂ ಆರಿರಲಿಲ್ಲ.